ಬುದ್ಧಿ ನೆಟ್ಟಗಿದೆ ಎಂಬುದಕ್ಕೆ ಬಂದ ಬಿಲ್ಲು

ನನ್ನ ತಲೆ ಕೆಟ್ಟಿದೆ ಎಂದು ನನ್ನ ಮಗ ಕೋರ್ಟಿಗೆ ಹೋದ. ಹೀಗೆ ಸೀದಾ ಬರೆದುಬಿಟ್ಟರೆ ಓದಿದವರು ಅವನನ್ನು ದುಷ್ಟನೆಂದುಕೊಂಡಾರು. ಅದಕ್ಕೇ ಮೊದಲೇ ಹೇಳುತ್ತೇನೆ, ಅವನು ಒಳ್ಳೆಯ ಹುಡುಗ. ನನಗೆ ಜ್ವರ ಬಂದರೆ ತಾನಿರುವ ಅರೋರಾದಿಂದ ನಾನಿರುವ ಮೆಡೋವೇಲ್‌ವರೆಗೆ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದು ಗಂಜಿ ಕಾಯಿಸುವವನು. ದುಷ್ಟನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಬಾಯಿಗೆ ಬಂದಂತೆ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಳ್ಳೆಯವರ ಜೊತೆ ಜಗಳ ಮಾಡುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ಬೇರೊಂದಿಲ್ಲ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಯಜಮಾನರು ತೀರಿಕೊಂಡೂ ಹೆಚ್ಚುಕಡಿಮೆ ಅಷ್ಟೇ ಕಾಲ. ಮಗ ಇನ್ನೂ ಎತ್ತಿಕೊಳ್ಳುವ ಕೂಸಾಗಿದ್ದಾಗ ನಾವು ಧಾರವಾಡದಿಂದ ಈ ಹಿಮದ ದೇಶಕ್ಕೆ ಬಂದವರು. ಅವರು ಒಂದು ಕಂಪನಿಯಲ್ಲಿ ನಕ್ಷೆ ತೆಗೆಯುತ್ತಿದ್ದರು, ನಾನು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಲೈನಿನಲ್ಲಿದ್ದೆ. ಮೆಡೋವೇಲಿನ ಸಾಲುಮನೆಗಳಲ್ಲಿ ಒಂದು ಟೌನ್‌ಹೌಸು ಕೊಂಡೆವು. ದುಡಿದದ್ದು ಇಬ್ಬರೂ, ಆದರೆ ಸಾಲ ತೀರಿದ್ದು ನನ್ನ ತಲೆಯಿಂದ. ಬಡ್ಡಿ ಯಾವಾಗ ಇಳಿಯುತ್ತದೆ, ಯಾವ ಬ್ಯಾಂಕು ಲೇಸು, ಠೇವಣಿ ಎಲ್ಲಿಡಬೇಕು, ಎಲ್ಲ ನಾನೇ ನೋಡುತ್ತಿದ್ದೆ. ಅವರು ಸಹಿ ಹಾಕುವ ಮುಂಚೆ ಎಲ್ಲಿ ಹಾಕಬೇಕೆಂದು ನನ್ನನ್ನೇ ಕೇಳುತ್ತಿದ್ದರು. ಹೊರಗಿನವರು ಬಂದಾಗ ಮಾತ್ರ ಆ ಮಾತೆಲ್ಲ ಅವರ ಬಾಯಿಂದ ಬರಬೇಕು, ನಾನು ಒಳಗೆ ಚಹಾ ಸೋಸುತ್ತಿರಬೇಕು. ಹಾಗೆಂದು ಯಾರೂ ಕಲಿಸಿರಲಿಲ್ಲ. ನಮ್ಮ ಕಡೆ ಹಾಗೆಯೇ. ಮಗ ಬೆಳೆಯುತ್ತ ಕಂಡದ್ದೂ ಇಷ್ಟೇ, ಅಪ್ಪ ವ್ಯವಹಾರ ಮಾತಾಡುತ್ತಾರೆ, ಅವ್ವ ಚಹಾ ತರುತ್ತಾಳೆ.

ಅಪ್ಪ ಹೋದ ಮೇಲೆ ಅವನಿಗೆ ಭಯ ಶುರುವಾಯಿತು. ಮನೆ ಮಾರಿ ತನ್ನ ಜೊತೆ ಬಂದುಬಿಡು ಎಂದ. ನೋಡೋಣಪ್ಪಾ ಎಂದೆ. ಹೆಣ್ಣು ನೋಡಲು ಬಂದವರು ನೋಡೋಣ ಎಂದು ಎದ್ದು ಹೋದರೆ ನಮ್ಮೂರಲ್ಲಿ ಯಾರೂ ಲಗ್ನದ ಸೀರೆ ಆರಿಸಲು ಕೂರುವುದಿಲ್ಲ, ಬೇರೆ ಗಂಡು ಹುಡುಕುತ್ತಾರೆ. ಇಲ್ಲಿ ಬೆಳೆದವನಿಗೆ ಅದು ಹೇಗೆ ಗೊತ್ತಾಗಬೇಕು? ಮುಂದಿನ ವಾರವೇ ಮನೆ ಮಾರಿಸುವ ಏಜೆಂಟನನ್ನು ಕರೆತಂದ. ಟೈ ಕಟ್ಟಿದ್ದ ಆ ಮನುಷ್ಯ ಕಾಗದ ಹರವಿ ಪೆನ್ನು ಕೊಟ್ಟ. ಹೊರಗಿನವನ ಮುಂದೆ ಮಗನ ಮಾತು ತೆಗೆದುಹಾಕುವುದೇ? ಅವನ ಮುಖ ಸಣ್ಣದಾಗುವುದಿಲ್ಲವೇ? ಸಹಿ ಹಾಕಿದೆ, ಉಪ್ಪಿಟ್ಟು ಕೊಟ್ಟೆ, ಬಾಗಿಲವರೆಗೆ ಹೋಗಿ ಕಳಿಸಿದೆ. ಎರಡು ದಿನಕ್ಕೆ ಅಂಗಳದ ಹುಲ್ಲಿನಲ್ಲಿ "ಮಾರಾಟಕ್ಕಿದೆ" ಎಂಬ ಬೋರ್ಡು ಎದ್ದು ನಿಂತಿತು. ಅದನ್ನು ಕಂಡದ್ದೇ ನನ್ನ ಮೈಯೆಲ್ಲ ಉರಿಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಅಲ್ಲಾಡಿಸಿ ಅಲ್ಲಾಡಿಸಿ ಅದನ್ನು ಬೇರುಸಹಿತ ಕಿತ್ತು ಗರಾಜಿನಲ್ಲಿ ಮಲಗಿಸಿದೆ. ಎದುರು ಮನೆಯ ಮುದುಕ ನಾಯಿ ಹಿಡಿದುಕೊಂಡು ನೋಡುತ್ತ ನಿಂತಿದ್ದ. ಅವನಿಗೆ ಕೈಬೀಸಿದೆ.

ಮಗನ ಕಣ್ಣಿನಿಂದ ನೋಡಿದರೆ ಅವ್ವ ಹ್ಞೂಂ ಅಂದಳು, ಸಹಿ ಹಾಕಿದಳು, ಎರಡು ದಿನದಲ್ಲಿ ಮರೆತಳು. ಅದಕ್ಕೆ ಸರಿಯಾಗಿ ಒಂದು ದಿನ ಒಲೆಯ ಮೇಲಿಟ್ಟ ಹಾಲು ಸೀದುಹೋದದ್ದೂ ಅವನ ಕಣ್ಣಿಗೆ ಬಿತ್ತು. ಹಾಲು ಯಾರ ಮನೆಯಲ್ಲಿ ಸೀಯುವುದಿಲ್ಲ ಹೇಳಿ. ಅವನ ಆಫೀಸಿನವನೊಬ್ಬನ ತಾಯಿ ಚಳಿಗಾಲದಲ್ಲಿ ಚಪ್ಪಲಿಯ ಮೇಲೆಯೇ ಮನೆ ಬಿಟ್ಟು ಹೊರಟು ದಾರಿ ತಪ್ಪಿದ್ದರಂತೆ. ಆ ಕತೆ ಕೇಳಿದಾಗಿನಿಂದ ಅವನಿಗೆ ನಿದ್ದೆಯಿಲ್ಲ ಎಂದು ಸೊಸೆ ಹೇಳಿದಳು. ಕೊನೆಗೊಂದು ದಿನ ಫೋನು ಮಾಡಿ, ಒಬ್ಬರು ಬರುತ್ತಾರೆ, ಸುಮ್ಮನೆ ಅವರ ಜೊತೆ ಮಾತಾಡು ಎಂದ. ಯಾಕೆ ಏನು ಎಂದು ನಾನು ಕೇಳಲಿಲ್ಲ. ಮಗ ಕಳಿಸಿದ ಅತಿಥಿ ಎಂದುಕೊಂಡೆ.

ಬಂದವರು ಜನರ ಬುದ್ಧಿ ಅಳೆಯುವ ತಜ್ಞರು. ಸರ್ಕಾರದಿಂದ ಅದಕ್ಕೇ ಪರವಾನಗಿ ಪಡೆದವರು. ಒಗ್ಗರಣೆ ಚುರಮರಿ, ಮಿರ್ಚಿ ಭಜಿ ಮಾಡಿಟ್ಟಿದ್ದೆ. ಅವರು ಕೈ ಹಚ್ಚದೆ ಪ್ಯಾಡು ತೆಗೆದು ನಿಮ್ಮ ಗಂಡನ ಹೆಸರೇನು ಎಂದು ಕೇಳಿದರು.

ನಾನು ನಕ್ಕೆ. ಇನ್ನೇನು ಮಾಡಲಿ? ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಬಸಿರಿನ ಕುಬಸದಲ್ಲಿ, ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ನಿಂತು ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎನ್ನುತ್ತಾರಲ್ಲ, ಆಗ ಪ್ರಾಸದ ಸಾಲಿನೊಳಗೆ ಹೆಸರನ್ನು ಹುದುಗಿಸಿ ಹೇಳುವುದು. ಫಾರಂಗಳಲ್ಲಿ ಸಾವಿರ ಸಲ ಬರೆದಿದ್ದೇನೆ, ಬಾಯಲ್ಲಿ ಅಂದಿಲ್ಲ. ಮೂಢನಂಬಿಕೆ ಎಂದು ನೀವು ಅಂದರೆ ಇರಲಿ ಬಿಡಿ. ನನಗೆ ಅದು ಮೈಮೇಲಿನ ಬಟ್ಟೆಯಷ್ಟು ಸಹಜ. ಅವರು ಮತ್ತೆ ಕೇಳಿದರು. ಗೋಡೆಯ ಫೋಟೋ ತೋರಿಸಿದೆ. ಇನ್ನೂ ಮೆಲ್ಲಗೆ, ಮಕ್ಕಳನ್ನು ಕೇಳುವಂತೆ, ಮತ್ತೊಮ್ಮೆ ಕೇಳಿದರು. ಪಾಪ, ಕಾಯಿಸಬಾರದೆಂದು ಎದ್ದು ಹೋಗಿ ಕರೆಂಟು ಬಿಲ್ಲಿನ ಕವರು ತಂದು ಅದರ ಮೇಲಿದ್ದ ಹೆಸರನ್ನು ಬೆರಳಿಟ್ಟು ತೋರಿಸಿದೆ. ಅವರು ಏನೋ ಬರೆದುಕೊಂಡರು.

ಹಣ ಎಷ್ಟಿದೆ ಎಂದು ಕೇಳಿದರು. ಗುರುತಿಲ್ಲದ ಗಂಡಸಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ? ದೇವರು ನಡೆಸಿಕೊಂಡು ಹೋಗುತ್ತಿದ್ದಾನೆ ಎಂದು ನನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ಹೇಳಿದೆ. ವ್ಯವಹಾರ ಯಾರು ನೋಡುತ್ತಾರೆ ಎಂದಾಗ, ನನಗೇನು ತಿಳಿಯುತ್ತದೆ, ಎಲ್ಲ ನನ್ನ ಮಗನೇ, ಬಂಗಾರದಂಥ ಹುಡುಗ ಎಂದೆ. ಅತಿಥಿಗೆ ಮಗನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿ ಎಂದು ನನ್ನ ಆಸೆ. ಅವರು ಹೊರಟಾಗ ಭಜಿಯನ್ನು ಕಟ್ಟಿಯೂ ಕೊಟ್ಟೆ.

ಆಮೇಲೆ ಒಬ್ಬ ಮನುಷ್ಯ ಬಾಗಿಲಿಗೆ ಬಂದು ದಪ್ಪ ಕಾಗದದ ಕಟ್ಟು ಕೈಗಿಟ್ಟು, ನೀರು ಬೇಕೇ ಎನ್ನುವಷ್ಟರಲ್ಲಿ ಹೋಗಿಯೇಬಿಟ್ಟ. ಕನ್ನಡಕ ಹಾಕಿಕೊಂಡು ಓದಿದೆ. ನನ್ನ ಹಣ, ನನ್ನ ಮನೆ, ನಾನಿರುವ ಜಾಗ, ಎಲ್ಲವನ್ನೂ ಇನ್ನು ಮುಂದೆ ಮಗನೇ ತೀರ್ಮಾನಿಸುವಂತೆ ಕೋರ್ಟು ಅವನನ್ನು ನನ್ನ ಪಾಲಕನನ್ನಾಗಿ ಮಾಡಬೇಕಂತೆ. ಅದರ ಜೊತೆಗೇ ಆ ತಜ್ಞರ ವರದಿ. ಗಂಡನ ಹೆಸರು ನೆನಪಿಲ್ಲ, ಕಾಗದ ನೋಡಿ ತೋರಿಸಿದರು. ತಮ್ಮ ಆಸ್ತಿಯ ಅರಿವಿಲ್ಲ, ದೇವರು ನಡೆಸುತ್ತಾನೆಂದು ನಂಬಿದ್ದಾರೆ. ಪೂರ್ತಿಯಾಗಿ ಮಗನ ಮೇಲೆ ಅವಲಂಬಿತರು. ಓದುತ್ತ ಓದುತ್ತ ನನಗೆ ಮೊದಲು ನಗು ಬಂತು, ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನನ್ನ ಹಿರಿಯರು ಕಲಿಸಿದ ಒಳ್ಳೆಯ ನಡತೆಯೆಲ್ಲ ಅಲ್ಲಿ ಒಂದೊಂದಾಗಿ ಹುಚ್ಚಿನ ಲಕ್ಷಣವಾಗಿ ಕೂತಿತ್ತು.

ಬ್ರ್ಯಾಂಪ್ಟನ್ನಿನ ಕೋರ್ಟಿಗೆ ಹೋದೆ. ನನ್ನ ಮಗ ಆ ಕಡೆಯ ಬೆಂಚಿನಲ್ಲಿ, ಅವನ ಪಕ್ಕದಲ್ಲಿ ಅವನ ವಕೀಲ. ನಾನು ಈ ಕಡೆ, ನನ್ನ ಪಕ್ಕದಲ್ಲಿ ನನ್ನ ಚೀಲ. ನಿಮಗೆ ವಕೀಲರಿಲ್ಲವೇ ಎಂದು ಜಡ್ಜು ಕೇಳಿದರು. ಅಲ್ಲಿ ಕೂತವನು ನನ್ನ ಮಗ, ಅವನ ಜೊತೆ ಮಾತಾಡಲು ನನಗೆ ವಕೀಲರೇಕೆ ಎಂದೆ. ಜಡ್ಜು ಇವರಿಗೊಬ್ಬ ವಕೀಲರನ್ನು ಒದಗಿಸಬೇಕು, ಅಲ್ಲಿಯವರೆಗೆ ಈ ವಿಷಯ ಮುಂದಕ್ಕೆ ಹೋಗುವುದಿಲ್ಲ ಎಂದು ಆಜ್ಞೆ ಬರೆಸಿದರು. ಸರ್ಕಾರವೇ ವಕೀಲರನ್ನು ಕೊಡುತ್ತದೆ, ಎಂಥಾ ದೇಶ ಎಂದು ನನಗೆ ಹೆಮ್ಮೆಯೇ ಆಯಿತು.

ವಕೀಲರು ನನ್ನ ಮನೆಗೇ ಬಂದರು. ಎತ್ತರದ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಮೊಣಕಾಲು ನೋವೆಂದು ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಹತ್ತಿದರು. ಧಾರವಾಡದ ಶಾಲೆಯಲ್ಲಿ ನಾವು ಶಿಕ್ಷಕಿಯರನ್ನು ಬಾಯಿ ಎನ್ನುತ್ತಿದ್ದೆವು. ಹಾಗೆ ಇವರು ನನ್ನ ಬಾಯಲ್ಲಿ ವಕೀಲಬಾಯಿ ಆದರು. ಆ ದಿನ ಮಗನೂ ಬಂದಿದ್ದ. ವಕೀಲಬಾಯಿ ಅವನಿಗೆ ನಯವಾಗಿ, ದಯವಿಟ್ಟು ಹೊರಗೆ ಹೋಗಿ ಎಂದರು. ಅವನು ನನ್ನತ್ತ ನೋಡಿದ, ನಾನು ಗೋಡೆಯತ್ತ ನೋಡಿದೆ. ಅವನು ಎದ್ದು ಹೋದ. ವಕೀಲಬಾಯಿ ಕುರ್ಚಿ ಎಳೆದುಕೊಂಡು ನನ್ನೆದುರು ಕೂತು ಹೇಳಿದ್ದು ಇಷ್ಟು:

"ನಾನು ನಿಮ್ಮ ಮಗನ ಪರ ಅಲ್ಲ, ಜಡ್ಜಿನ ಪರವೂ ಅಲ್ಲ. ನಿಮಗೆ ಏನು ಬೇಕೆಂದು ನೀವು ಹೇಳುತ್ತೀರೋ ಅದನ್ನೇ ಕೋರ್ಟಿಗೆ ಹೇಳುವುದು ನನ್ನ ಕೆಲಸ. ಅದು ತಪ್ಪೆಂದು ನನಗನ್ನಿಸಿದರೂ ಸರಿ. ಈಗ ಹೇಳಿ, ನಿಮಗೆ ಏನು ಬೇಕು?"

ಅರವತ್ತು ದಾಟಿದ್ದೆ. ಅಪ್ಪ ಕೇಳಿರಲಿಲ್ಲ, ಯಜಮಾನರು ಎಲ್ಲಿ ಸಹಿ ಹಾಕಲಿ ಎಂದು ಕೇಳಿದ್ದರೇ ಹೊರತು ಇದನ್ನು ಕೇಳಿರಲಿಲ್ಲ. ನನಗೆ ಏನು ಬೇಕು! ಹೇಳಲು ಬಾಯಿ ತೆರೆದವಳು ನಿಲ್ಲಿಸಲೇ ಇಲ್ಲ. ಈ ಮನೆ ಬೇಕು, ಬೆಳಗ್ಗೆ ನನ್ನದೇ ಒಲೆ ಹಚ್ಚಬೇಕು, ಬಸ್ಸು ಹಿಡಿದು ಲೈಬ್ರರಿಗೆ ಹೋಗಬೇಕು, ಹಿತ್ತಲಲ್ಲಿ ಮೆಂತ್ಯೆ ಬಿತ್ತಬೇಕು, ಯಾವಾಗ ಮಗನ ಮನೆಗೆ ಹೋಗಬೇಕು ಎಂಬುದನ್ನು ನಾನು ಹೇಳಬೇಕು. ಅವರು ಎಲ್ಲವನ್ನೂ ಬರೆದುಕೊಂಡರು, ಮೆಂತ್ಯೆಯನ್ನೂ. ಫೀಸಿನ ವಿಷಯವನ್ನು ಅಂದೇ ಹೇಳಿದ್ದರಂತೆ, ಕಾಗದದಲ್ಲಿ ನನ್ನ ಸಹಿಯೂ ಇದೆ. ನನ್ನ ಕಿವಿಗೆ ಒಂದಕ್ಷರ ಬಿದ್ದಿಲ್ಲ. ಲಗ್ನ ಮಂಟಪದಲ್ಲಿ ಸ್ವಾಮಿಗಳು ಹೇಳಿದ್ದು ಮದುಮಗಳಿಗೆ ಎಲ್ಲಿ ಕೇಳಿಸುತ್ತದೆ?

ಮೊದಲ ವರದಿಯ ಕತೆ ಕೇಳಿ ವಕೀಲಬಾಯಿ ಪೆನ್ನು ಕೆಳಗಿಟ್ಟು ನಕ್ಕರು, ಆಮೇಲೆ ತಲೆ ಚಚ್ಚಿಕೊಂಡರು. ಇನ್ನೊಬ್ಬ ತಜ್ಞರನ್ನು ಕರೆಸುತ್ತೇನೆ, ಅವರು ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಹೇಳಿ, ಹಣ ಎಷ್ಟಿದೆಯೋ ಅಷ್ಟು ಹೇಳಿ, ದೇವರನ್ನು ತರಬೇಡಿ, ಮಗನನ್ನು ಹೊಗಳಬೇಡಿ ಎಂದರು. ಅಂದರೆ ಒಂದು ಮಧ್ಯಾಹ್ನದ ಮಟ್ಟಿಗೆ ನಾನು ಮಾನಗೆಟ್ಟವಳಾಗಬೇಕು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. "ನನ್ನ ಮಗನಿಗೆ ಬಡ್ಡಿ ಲೆಕ್ಕ ಬರೂದಿಲ್ಲ" ಎಂದು ಗಟ್ಟಿಯಾಗಿ ಹೇಳಿಕೊಂಡೆ. ಎಂಥಾ ಸುಖ ಅಂತೀರಿ!

ಎರಡನೆಯ ತಜ್ಞರು ವಯಸ್ಸಾದ ಹೆಂಗಸು. ಯಾವ ಠೇವಣಿ ಯಾವಾಗ ಕೈಗೆ ಬರುತ್ತದೆ, ಪಿಂಚಣಿಯಲ್ಲಿ ತೆರಿಗೆ ಎಷ್ಟು ಹೋಗುತ್ತದೆ, ನಮ್ಮ ಸಾಲಿನ ಕೊನೆಯ ಮನೆ ಎಷ್ಟಕ್ಕೆ ಹೋಯಿತು, ನನ್ನದಕ್ಕೆ ಅಡುಗೆಮನೆ ಹಳೆಯದಾದ್ದರಿಂದ ಎಷ್ಟು ಕಡಿಮೆ ಬಂದೀತು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಬರೆಯುವುದರಲ್ಲಿ ಹಿಂದೆ ಬಿದ್ದು, ಸ್ವಲ್ಪ ನಿಧಾನ ಎಂದರು. ನನಗೆ ಹುರುಪು ಬಂದುಬಿಟ್ಟಿತ್ತು. ಆಮೇಲೆ ಅದೇ ಪ್ರಶ್ನೆ ಬಂತು. ನಿಮ್ಮ ಗಂಡನ ಹೆಸರೇನು?

ವಕೀಲಬಾಯಿ ನನ್ನನ್ನು ನೋಡಿದರು. ಗಂಡ ಸತ್ತವಳಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಯಾರೂ ಹೊಸ್ತಿಲಲ್ಲಿ ಅಡ್ಡಗಟ್ಟುವುದಿಲ್ಲ. ಅವರು ಹೋದಾಗಿನಿಂದ ಆ ಹೆಸರು ನನ್ನೊಳಗೇ ಬಾಗಿಲು ಹಾಕಿಕೊಂಡು ಕೂತಿತ್ತು. ಈಗ ಒಬ್ಬ ಪರದೇಶದ ಹೆಂಗಸು, ಕೈಯಲ್ಲಿ ಪೆನ್ನು ಹಿಡಿದು, ಹೇಳು ಎಂದು ಅಡ್ಡಗಟ್ಟಿ ಕೂತಿದ್ದಾಳೆ. ಎದ್ದು ನಿಂತೆ, ಸೆರಗು ಸರಿಮಾಡಿಕೊಂಡೆ, ಕಿಟಕಿಯಾಚೆ ಕಂಡದ್ದನ್ನೇ ಹಿಡಿದು ಹೇಳಿದೆ:

"ಮನಿ ಮುಂದ ಮೇಪಲ್ ಗಿಡ, ಗಿಡದ ತುಂಬ ಕೆಂಪೆಲಿ,
ಇಷ್ಟ ಮಂದಿ ಕೇಳಿದ ಮ್ಯಾಲ … ಅವರ ಹೆಸರ ಹೆಂಗ ಮುಚ್ಚಲಿ."

ಹೆಸರಿನ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ. ಅಂದು ಬಿಟ್ಟಿರಲಿಲ್ಲ. ಪೂರ್ತಿ, ಅಡ್ಡಹೆಸರಿನ ಸಮೇತ, ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ಅಳು ಬಂತು. ನನ್ನ ಮನೆಯಲ್ಲಿ ಆ ಹೆಸರು ಗಾಳಿಗೆ ಬಿದ್ದು ಎಷ್ಟು ಕಾಲವಾಗಿತ್ತು! ತಜ್ಞರು ಅರ್ಥ ಕೇಳಿದರು, ವಿವರಿಸಿದೆ. ಅವರು ಇನ್ನೊಮ್ಮೆ ಹೇಳುತ್ತೀರಾ ಎಂದರು. ಪರೀಕ್ಷೆಗಲ್ಲ, ಕೇಳಲು ಚೆನ್ನಾಗಿದೆ ಎಂದು.

ಆ ವರದಿ ಕೋರ್ಟಿಗೆ ಹೋದ ಮೇಲೆ ಮಗನ ವಕೀಲ ಎದ್ದು ನಿಂತು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದ. ಜಡ್ಜು ನನ್ನತ್ತ ತಿರುಗಿ, ನಿಮ್ಮ ವಿಷಯಗಳನ್ನು ನೀವೇ ನೋಡಿಕೊಳ್ಳುತ್ತೀರಿ ಎಂದರು. ಖರ್ಚು ಯಾರದೆಂಬುದೊಂದು ಬಾಕಿ ಇದೆ, ಅದನ್ನು ಬರೆದು ತಿಳಿಸಿ ಎಂದು ವಕೀಲರಿಗೆ ಹೇಳಿ ಎದ್ದರು. ಖರ್ಚಿನ ಮಾತು ಆಗಲೂ ನನಗೆ ಕೇಳಿಸಲಿಲ್ಲ. ಹೊರಗೆ ಮಗ ಹತ್ತಿರ ಬಂದು ಕಾರಿನಲ್ಲಿ ಬಿಡಲೇ ಎಂದ. ಬಸ್ಸಿದೆ ಎಂದೆ. ಬಸ್ಸು, ರೈಲು, ಟ್ರಾಮು ಬದಲಿಸುತ್ತ ನಮ್ಮ ದೇಶದವರ ಅಂಗಡಿಗಳಿರುವ ಜೆರಾರ್ಡ್ ಬಜಾರಿಗೆ ಹೋಗಿ, ಫುಟ್‌ಪಾತಿನಲ್ಲಿ ನಿಂತು ಪಾನಿಪುರಿ ತಿಂದೆ. ಖಾರ ಹೆಚ್ಚು ಹಾಕಿಸಿಕೊಂಡೆ. ಮೂಗು ಕಣ್ಣು ಎಲ್ಲ ಸುರಿಯುತ್ತಿತ್ತು. ಬುದ್ಧಿ ನೆಟ್ಟಗಿದೆ ಎಂದು ಕೋರ್ಟೇ ಹೇಳಿದ ಹೆಂಗಸು ಈ ಬೀದಿಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ ಎಂದು ಕೂಗಬೇಕೆನ್ನಿಸಿತು. ಬದಲಿಗೆ ಇನ್ನೊಂದು ಪ್ಲೇಟು ಹೇಳಿದೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಗಾದೆ ಇದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. ಕೆಲವು ವಾರ ಕಳೆದ ಮೇಲೆ ಟಪಾಲಿನಲ್ಲಿ ವಕೀಲಬಾಯಿಯ ಫೀಸಿನ ಬಿಲ್ಲು ಬಂತು. ನನ್ನ ಹೆಸರಿಗೆ. ಆ ಮೊತ್ತಕ್ಕೆ ನಾವು ಈ ದೇಶದಲ್ಲಿ ಕೊಂಡ ಮೊದಲ ಕಾರು ಬರುತ್ತಿತ್ತು, ಟೈರು ಬದಲಿಸಿಕೊಳ್ಳಲು ಇನ್ನೂ ಮಿಗುತ್ತಿತ್ತು. ಮನೆಗೆ ಬಂದದ್ದು, ಓದಿದ್ದು, ಬರೆದದ್ದು, ಫೋನಿನಲ್ಲಿ ಮಾತಾಡಿದ್ದು, ಒಂದೊಂದಕ್ಕೂ ಬೆಲೆ. ಒಂದು ಸಾಲು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅವರ ಮೊಣಕಾಲಿಗೆ ಅಜವಾನದ ಎಣ್ಣೆ ಹೇಗೆ ಕಾಯಿಸಬೇಕೆಂದು ಹೇಳಲು ನಾನೇ ಫೋನು ಮಾಡಿದ್ದೆ. ಅದಕ್ಕೂ ಚಾರ್ಜು! ಔಷಧಿ ಹೇಳಿದವಳು ನಾನು, ದುಡ್ಡು ಕೊಡಬೇಕಾದವಳೂ ನಾನು.

ಮರುದಿನವೇ ಬಿಲ್ಲು ಹಿಡಿದುಕೊಂಡು ಪೋರ್ಟ್ ಕ್ರೆಡಿಟ್ ಎಂಬ ಬಡಾವಣೆಗೆ ಹೊರಟೆ. ಹಲ್ಲಿನ ದವಾಖಾನೆಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಕೂರದೆಯೇ ಶುರು ಮಾಡಿದೆ. ನನಗೆ ಹುಚ್ಚಿದೆ ಎಂದವನು ಮಗ, ವಕೀಲರನ್ನು ಕೊಟ್ಟದ್ದು ಜಡ್ಜು, ನಾನು ಕೇಳಿದ್ದೆನೇ? ಕೋರ್ಟು ಕೊಟ್ಟ ವಕೀಲರಿಗೆ ಕೋರ್ಟೇ ಕೊಡಬೇಕಲ್ಲವೇ? ವಕೀಲಬಾಯಿ ಎಲ್ಲ ಕೇಳಿಸಿಕೊಂಡರು. ಕೈಯಲ್ಲಿ ಏನೂ ಇಲ್ಲದವರಿಗೆ ಸರ್ಕಾರ ಕೊಡುತ್ತದೆ ಎಂದರು. "ನಿಮ್ಮಲ್ಲಿ ಇದೆ. ಎಷ್ಟಿದೆ ಎಂದು ನೀವೇ ಒಂದೇ ಉಸಿರಿಗೆ ಹೇಳಿದ್ದೀರಿ." ನಗಬಾರದೆಂದು ತುಟಿ ಕಚ್ಚಿ ಹಿಡಿದೆ, ಆಗಲಿಲ್ಲ. ಆಮೇಲೆ ಅಜವಾನದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕೆಂಪಗಾಗಿ, ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಎಣ್ಣೆಯಿಂದ ನೋವು ಕಡಿಮೆಯಾಗಿದೆ ಎಂದೂ ಒಪ್ಪಿಕೊಂಡರು.

ನಿಜವಾದ ಮಾತು ಆಮೇಲೆ ಬಂತು. ಅರ್ಜಿ ಹಾಕಿದವನು ಮಗ, ಹಿಂತೆಗೆದುಕೊಂಡವನೂ ಅವನೇ, ಹಾಗಾಗಿ ಈ ಖರ್ಚನ್ನು ಅವನೇ ಭರಿಸಲಿ ಎಂದು ಜಡ್ಜಿಗೆ ಬರೆಯಬಹುದು, ಒಪ್ಪುವ ಸಂಭವವಿದೆ, ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಅವನೇ ಕೊಡಲಿ, ಬಿಡಿಕಾಸೂ ಬಿಡಬೇಡಿ ಎಂದೆ. ಹೇಳುತ್ತಲೇ ಬಿಲ್ಲನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ವಕೀಲಬಾಯಿ ತಕ್ಷಣ ಬರೆಯಲಿಲ್ಲ. ಒಂದೆರಡು ದಿನ ಯೋಚಿಸಿ ಫೋನು ಮಾಡಿ, ಆ ಫೋನಿಗೆ ಚಾರ್ಜಿಲ್ಲ ಎಂದರು.

ಶನಿವಾರ ಮಗ ಬಂದ. ಅವನ ವಕೀಲ ಮೊದಲೇ ಎಚ್ಚರಿಸಿದ್ದನಂತೆ, ಖರ್ಚು ನಿನ್ನ ತಲೆಗೇ ಬರುತ್ತದೆ ಎಂದು. ಬೂಟು ಬಿಚ್ಚಿ ಸೀದಾ ಊಟದ ಟೇಬಲ್ಲಿಗೆ ಬಂದು ಚೆಕ್ಕುಪುಸ್ತಕ ತೆಗೆದ. ಅವನ ಮುಖ ಇಳಿದುಹೋಗಿತ್ತು. "ಅವ್ವ, ಐ ಫೈಲ್ಡ್ ಇಟ್. ಬಿಲ್ಲು ನಾನು ಕೊಡ್ತೀನಿ. ಎಷ್ಟು?"

ನಾನು ರೊಟ್ಟಿ ಬಡಿಯುತ್ತಿದ್ದೆ. ಬೇಕಾಗಿದ್ದದ್ದು ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತು, ಕೋರ್ಟೂ ಬೇಡ, ಕಾಗದವೂ ಬೇಡ. ಬಿಲ್ಲು ಎತ್ತಿ ಅವನ ಮುಂದೆ ಇಡುವುದಷ್ಟೇ ಬಾಕಿ. ಕೈ ತೊಳೆದುಕೊಂಡೆ ಕೂಡ. ಆದರೆ ಅವನು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ ಕೂತದ್ದನ್ನು ಕಂಡಾಗ ನನ್ನೊಳಗೆ ಏನೋ ಬೇಡ ಬೇಡ ಎಂದಿತು. ಆ ಹೆಂಗಸು ನನ್ನೆದುರು ಕೂತು ನಿಮಗೆ ಏನು ಬೇಕು ಎಂದು ಕೇಳಿದ್ದಳಲ್ಲ, ಆ ಒಂದು ಮಾತಿಗೆ ಬೇರೆಯವರು ದುಡ್ಡು ಕೊಡುವುದೇ?

"ನೀ ರೊಕ್ಕಾ ಕೊಟ್ಟರ ಆಕಿ ನಿನ್ನ ವಕೀಲಳಾಗತಾಳಪಾ," ಎಂದೆ. "ನನ್ನ ಪರವಾಗಿ ಮಾತಾಡಾಕ ನೀನ ಒಬ್ಬಾಕಿನ್ನ ಇಟ್ಟಂಗಾತು. ಆಕಿ ನನ್ನಾಕಿ. ನಾನ ಕೊಡತೀನಿ."

ಅವನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿಯೇ ನೋವಾಯಿತೋ ಏನೋ. ಗುರುತಿಲ್ಲದವಳಿಗೆ ಇದ್ದದ್ದನ್ನೆಲ್ಲ ಸುರಿಯುತ್ತೀ, ಹೊಟ್ಟೆಯಲ್ಲಿ ಹುಟ್ಟಿದವನಿಂದ ತಗೊಳ್ಳಲು ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೂಗಾಡಿದ. ನಾನು ಏನು ತಪ್ಪು ಮಾಡಿದೆ, ನೀನು ಹಿಮದಲ್ಲಿ ಕಳೆದುಹೋಗಬಾರದೆಂದೇ ಮಾಡಿದೆ ಎಂದ. ಹೌದು, ಅದಕ್ಕೇ ಮಾಡಿದ್ದ. ನನಗೂ ಗೊತ್ತಿತ್ತು. ಚೆಕ್ಕುಪುಸ್ತಕ ಜೇಬಿಗಿಟ್ಟುಕೊಂಡು, ಬಿಸಿ ರೊಟ್ಟಿ ಮುಟ್ಟದೆ ಹೊರಟುಹೋದ. ಆ ಹುಡುಗ ನನ್ನ ಮನೆಯಿಂದ ಹಸಿದು ಹೋದದ್ದು ಅದೇ ಮೊದಲು. ನಾನೂ ಊಟ ಮಾಡಲಿಲ್ಲ. ಸೋಮವಾರ ವಕೀಲಬಾಯಿಗೆ ಫೋನು ಮಾಡಿ, ಮಗನಿಂದ ಏನೂ ಕೇಳಬೇಡಿ, ಪೂರ್ತಿ ನಾನೇ ಕೊಡುತ್ತೇನೆ ಎಂದೆ. ಖಂಡಿತವೇ ಎಂದು ಕೇಳಿದರು. ತಪ್ಪೆಂದು ನಿಮಗನ್ನಿಸಿದರೂ ನನ್ನ ಮಾತೇ ನಡೆಯಬೇಕಲ್ಲ ಎಂದೆ. ಸರಿ ಎಂದರು.

ಬ್ಯಾಂಕಿಗೆ ಹೋಗುವ ದಿನ ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ಹಾಕಿದೆ. ಯಾಕೋ ಹಬ್ಬದಂಥ ಹುರುಪು. ಕೌಂಟರಿನಲ್ಲಿ ಪಂಜಾಬಿ ಹುಡುಗಿ. ಡ್ರಾಫ್ಟು ಬೇಕು, ಇಷ್ಟು ಮೊತ್ತಕ್ಕೆ, ಈ ವಕೀಲರ ಹೆಸರಿಗೆ ಎಂದೆ. ಅವಳು ಕಂಪ್ಯೂಟರಿನಲ್ಲಿ ಏನೋ ಒತ್ತಿ ನಿಂತುಬಿಟ್ಟಳು. ಕೇಸು ನಡೆಯುತ್ತಿದ್ದಾಗ, ದೊಡ್ಡ ಮೊತ್ತ ಹೊರಗೆ ಹೋಗುವುದಾದರೆ ಮಗನನ್ನು ಕೇಳಬೇಕೆಂದು ಅವನ ಕಡೆಯವರು ಬ್ಯಾಂಕಿಗೆ ಬರೆದುಕೊಟ್ಟಿದ್ದರಂತೆ. ಕೇಸು ಮುಗಿದಿತ್ತು, ಟಿಪ್ಪಣಿಯನ್ನು ಯಾರೂ ತೆಗೆದಿರಲಿಲ್ಲ. ಆಂಟಿಜಿ, ಏಕ್ ಮಿನಿಟ್ ಎಂದು ಫೋನು ಎತ್ತಿದಳು.

ಬೇಡ ಎನ್ನಲು ಬಾಯಿ ತೆರೆದೆ. ಕೋರ್ಟಿನ ಕಾಗದ ಚೀಲದಲ್ಲೇ ಇತ್ತು, ತೆಗೆದು ಅವಳ ಮುಂದೆ ಬೀಸಬಹುದಿತ್ತು. ಅಷ್ಟರಲ್ಲಿ ಆ ಕಡೆ ಮಗ ಹಲೋ ಎಂದಾಗಿತ್ತು. ಅವಳು ನನ್ನ ಹೆಸರು, ಮೊತ್ತ, ವಕೀಲರ ಹೆಸರು ಎಲ್ಲ ಹೇಳಿದಳು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಹಸಿದು ಹೋದವನು ಈಗ ಇಲ್ಲ ಎಂದುಬಿಟ್ಟರೆ? ಕೋಪದಲ್ಲಿ ತಡೆದುಬಿಟ್ಟರೆ? ಗೆದ್ದ ಕೇಸನ್ನು ಈ ಕೌಂಟರಿನಲ್ಲಿ ನಿಂತು ಸೋಲುತ್ತೇನೆಯೇ? ಹುಡುಗಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಎಸ್ ಸರ್ ಎಂದಳು. ಬಹಳ ಹೊತ್ತು ಬಿಟ್ಟು ಮತ್ತೊಮ್ಮೆ ಎಸ್ ಸರ್ ಎಂದಳು. ಫೋನು ಇಟ್ಟು ನನ್ನತ್ತ ತಿರುಗಿದಳು.

"ನನ್ನನ್ನು ಯಾಕೆ ಕೇಳುತ್ತೀರಿ, ಅದು ಅವರ ಹಣ, ಅವರನ್ನೇ ಕೇಳಿ ಅಂದರು, ಆಂಟಿಜಿ. ಆ ಟಿಪ್ಪಣಿ ಇವತ್ತೇ ತೆಗೆಯಿರಿ ಅಂತಲೂ ಅಂದರು." ಕೀಲಿಮಣೆಯ ಮೇಲೆ ಬೆರಳಿಟ್ಟು ಅವಳು ನನ್ನನ್ನೇ ನೋಡುತ್ತಿದ್ದಳು. "ಹಾಗಾದರೆ ಕೊಡಲೇ?"

ಇಂಗ್ಲಿಷು ಹೊರಡಲಿಲ್ಲ. "ಕೊಡವಾ," ಎಂದೆ, ಕನ್ನಡದಲ್ಲೇ. ಅವಳಿಗೆ ತಿಳಿಯಿತು.